ಕೊನೆಯ ಸೀಟು ಯಾರಿಗೆ ಸಿಕ್ಕಿತು?

ಅಕ್ಕ ತಂಗಿಯರೇ, ಔರಾದ ಬಸ್ ಸ್ಟ್ಯಾಂಡಿನಲ್ಲಿ ಬೀದರ ಬಸ್ಸಿಗೆ ಜನ ನಿಂತಿರುತ್ತಾರೆ. ಸೀಟು ಕಡಿಮೆ, ಜನ ಬಹಳ. ವಕೀಲಿ ಓದುವ ಸೀಟಿಗೂ ಹಂಗೇ. ಆದರೆ ಅಲ್ಲಿ ತಳ್ಳಾಡಿ ಹತ್ತೋದಿಲ್ಲ. ಅಂಕ ನೋಡಿ ಸಾಲಾಗಿ ಕರೀತಾರೆ.

ಆ ಸಾಲಿನಲ್ಲಿ ನಿಮ್ಮ ಮಗಳು ಎಷ್ಟನೆಯವಳು? ಅದೇ ರ‍್ಯಾಂಕು. ಸಂಖ್ಯೆ ಚಿಕ್ಕದಿದ್ದಷ್ಟು ಚಲೋ. ಕೊನೆಯ ಸೀಟು ಪಡೆದವರ ರ‍್ಯಾಂಕಿಗೆ 'ಕಟ್ ಆಫ್' ಅಂತಾರೆ. ಹೋದ ವರ್ಷ ಅದು 800 ಇತ್ತು ಅಂತ ಇಟ್ಟುಕೊಳ್ಳಿ. ನಿಮ್ಮ ಮಗಳದು 750 ಆದರೆ ಆಸೆ ಇದೆ. 3000 ಆದರೆ ಬೇರೆ ಕಾಲೇಜೂ ನೋಡಬೇಕು. ಒಂದೇ ವರ್ಷದ್ದು ನೋಡಬೇಡಿ. ಮೂರು ವರ್ಷದ್ದು ಒಂದರ ಕೆಳಗೊಂದು ಬರೆದು ನೋಡಿ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ 'ಕ್ಲಾಟ್' ಎಂಬ ಪರೀಕ್ಷೆ ಬರೆಯಬೇಕು. ಪ್ರಶ್ನೆ ಇಂಗ್ಲಿಷಿನಲ್ಲಿ ಇರುತ್ತವೆ. 2022ರ ಡಿಸೆಂಬರಿನಲ್ಲಿ 150 ಅಂಕಕ್ಕೆ ಪರೀಕ್ಷೆ ಇತ್ತು. 2023ರ ಡಿಸೆಂಬರಿನಲ್ಲಿ 120ಕ್ಕೆ ಇಳಿಯಿತು. ಹಳೆಯ 100 ಅಂಕ, ಹೊಸ 100 ಅಂಕ ಒಂದೇ ಅಲ್ಲ. ಅದಕ್ಕೇ ಅಂಕ ಬಿಟ್ಟು ರ‍್ಯಾಂಕು ಹೋಲಿಸಿ.

ಪಟ್ಟಿಯಲ್ಲಿ ಯಾವ ಸಾಲು ನಿಮ್ಮದು ಅನ್ನೋದೂ ಮುಖ್ಯ. ಆ ಶಾಲೆಯಲ್ಲಿ 100ಕ್ಕೆ 30 ಸೀಟು ಹೆಣ್ಣುಮಕ್ಕಳಿಗೆ. 100ಕ್ಕೆ 25 ಕರ್ನಾಟಕದ ವಿದ್ಯಾರ್ಥಿಗಳಿಗೆ. ಆದರೆ ಕರ್ನಾಟಕದಲ್ಲಿ ಹತ್ತು ವರ್ಷ ಓದಿರಬೇಕು. ಔರಾದ, ಭಾಲ್ಕಿ ಕಡೆಯ ಎಷ್ಟೋ ಮಕ್ಕಳು ಉದಗೀರಕ್ಕೆ ಹೋಗಿ ಓದುತ್ತಾರೆ. ಉದಗೀರ ಮಹಾರಾಷ್ಟ್ರದಲ್ಲಿದೆ. ಅಲ್ಲಿ ಓದಿದ ವರ್ಷ ಇದಕ್ಕೆ ಲೆಕ್ಕಕ್ಕಿಲ್ಲ. ಮಗಳನ್ನು ಆ ಕಡೆ ಶಾಲೆಗೆ ಹಾಕುವ ಮೊದಲೇ ಇದು ಗೊತ್ತಿರಬೇಕು.

ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಎದೆ ಒಡಕೋಬೇಡಿ. ಕೆಲವರು ಸೀಟು ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಆಗ ಹಿಂದಿನವರನ್ನು ಕರೀತಾರೆ. ಎರಡನೇ, ಮೂರನೇ ಪಟ್ಟಿಯನ್ನೂ ನೋಡಿ.

ಇನ್ನೊಂದು ಮಾತು. ಪಟ್ಟಿಯಲ್ಲಿ ನಮ್ಮ ಹಳ್ಳಿ ಹುಡುಗಿಯರ ಹೆಸರು ಕಾಣಲಿಲ್ಲ ಅನ್ನಿ. ನಮ್ಮವರಿಗೆ ಬುದ್ಧಿ ಸಾಲದು ಅಂತ ಕೆಲವರು ಅಂದುಬಿಡುತ್ತಾರೆ. ಅದು ತಪ್ಪು ಲೆಕ್ಕ. ಅರ್ಜಿ ಹಾಕಿದವರಷ್ಟೇ ಪಟ್ಟಿಗೆ ಬರುತ್ತಾರೆ. ನಮ್ಮವರು ಎಷ್ಟು ಜನ ಅರ್ಜಿ ಹಾಕಿದ್ದರು? ಮೊದಲು ಅದನ್ನು ಕೇಳಿರಿ.

ಕ್ಲಾಟ್ ಬರೆಯದೆಯೂ ವಕೀಲರಾಗಬಹುದು. ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. 2009ರಲ್ಲಿ ಆದದ್ದು. ಅದರ ಕೈಕೆಳಗಿನ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಐದು ವರ್ಷದ ಓದಿಗೆ ಸೇರಿಸಿಕೊಳ್ಳುತ್ತಾರೆ. ಸಾಮಾನ್ಯ ವರ್ಗಕ್ಕೆ 100ಕ್ಕೆ 45 ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಸಾಕು. ಪಿಯುಸಿ ಅಂಕಪಟ್ಟಿ ತೆಗೆದು ನೋಡ್ರಿ.