ಕೀಮೋ ನಡೆಯುವಾಗ ಊಟ ಹೇಗಿರಬೇಕು? ತೂಕದ ಮೇಲೆ ಯಾಕೆ ಕಣ್ಣಿಡಬೇಕು?

ಇವತ್ತಿನ ವಿಷಯ ಸ್ವಲ್ಪ ಗಂಭೀರವಾದದ್ದು. ಮನೆಯಲ್ಲಿ ಯಾರಿಗಾದ್ರೂ ಕೀಮೋಥೆರಪಿ ಶುರುವಾದ್ರೆ ಸಾಕು, ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಫಾರ್ವರ್ಡ್‌ಗಳು ಬರೋಕೆ ಶುರು. ಸಕ್ಕರೆ ಬಿಡಿ, ಹಾಲು ಬಿಡಿ, ಅನ್ನ ಬಿಡಿ, ಬರೀ ಜ್ಯೂಸ್ ಕುಡಿದ್ರೆ ಸಾಕು. ಇಷ್ಟೆಲ್ಲ ಬಿಟ್ಟ ಮೇಲೆ ತಟ್ಟೆಯಲ್ಲಿ ಉಳಿಯೋದೇನು ಅಂತ ಯಾರೂ ಕೇಳಲ್ಲ.

ನಾನು ಡಾಕ್ಟರ್ ಅಲ್ಲ. ನನ್ನ ಚಿಕ್ಕಮ್ಮನಿಗೆ ಆರು ಸೈಕಲ್ ಕೀಮೋ ನಡೆದಾಗ ಜೊತೆಗಿದ್ದು ಅಡುಗೆ ನೋಡಿಕೊಂಡವಳು. ಆಗ ಕಲಿತದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳ್ತೀನಿ. ಒಂದೇ ಮಾತಲ್ಲಿ ಹೇಳೋದಾದ್ರೆ, ಕೀಮೋ ನಡೆಯೋ ತಿಂಗಳುಗಳು ಡಯಟ್ ಮಾಡೋ ಸಮಯ ಅಲ್ಲ, ದೇಹದ ಶಕ್ತಿಯನ್ನ ಕಾಯ್ದುಕೊಳ್ಳೋ ಸಮಯ.

ತೂಕಕ್ಕೂ ಔಷಧಿಗೂ ಏನು ಸಂಬಂಧ?

ಕೀಮೋದ ಅನೇಕ ಔಷಧಿಗಳ ಡೋಸ್ ಲೆಕ್ಕ ಹಾಕೋದೇ ರೋಗಿಯ ಎತ್ತರ ಮತ್ತು ತೂಕದ ಮೇಲೆ. ತೂಕ ಜಾಸ್ತಿ ಬದಲಾದ್ರೆ ಡೋಸ್ ಮತ್ತೆ ಲೆಕ್ಕ ಹಾಕಬೇಕಾಗುತ್ತೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಮಾಂಸಖಂಡ ಕರಗಿದಷ್ಟೂ ಸುಸ್ತು ಜಾಸ್ತಿ, ಔಷಧಿಯ ಅಡ್ಡಪರಿಣಾಮ ತಡೆದುಕೊಳ್ಳೋ ಶಕ್ತಿ ಕಡಿಮೆ. ಕೆಲವೊಮ್ಮೆ ಮುಂದಿನ ಸೈಕಲ್ ಮುಂದೂಡಬೇಕಾಗುತ್ತೆ.

ಆರು ತಿಂಗಳಲ್ಲಿ ತೂಕ 5 ಪರ್ಸೆಂಟ್‌ಗಿಂತ ಹೆಚ್ಚು ಇಳಿದ್ರೆ ವೈದ್ಯರು ಅದನ್ನ ಎಚ್ಚರಿಕೆಯ ಗಂಟೆ ಅಂತಲೇ ನೋಡ್ತಾರೆ. 60 ಕೆ.ಜಿ. ಇರೋರಿಗೆ ಅದು ಬರೀ 3 ಕೆ.ಜಿ. ನಮ್ಮ ಚಿಕ್ಕಮ್ಮ ಎರಡನೇ ಸೈಕಲ್ ಮುಗಿಯುವಷ್ಟರಲ್ಲಿ 52ರಿಂದ 49ಕ್ಕೆ ಬಂದಿದ್ರು. ಹೀಗೇ ಇಳಿದ್ರೆ ಡೋಸ್ ಕಡಿಮೆ ಮಾಡಬೇಕಾಗಬಹುದು ಅಂದ್ರು ಡಾಕ್ಟರ್. ನಮ್ಮನ್ನ ಡಯಟಿಷಿಯನ್ ಹತ್ರ ಕಳಿಸಿದ್ದು ಆಗಲೇ.

ಗಂಜಿ, ತಿಳಿಸಾರು, ಎಳನೀರು

ಡಯಟಿಷಿಯನ್ ಮೊದಲು ಕೇಳಿದ್ದು ‘ದಿನಕ್ಕೆ ಏನೇನು ತಿಂತೀರಾ?’ ಅಂತ. ನಮ್ಮಲ್ಲಿ ಹುಷಾರಿಲ್ಲದವರಿಗೆ ಕೊಡೋದು ಗೊತ್ತಲ್ಲ: ಗಂಜಿ, ತಿಳಿಸಾರು ಅನ್ನ, ಎಳನೀರು. ಎರಡು ದಿನದ ಜ್ವರಕ್ಕೆ ಇದು ಸರಿ. ನಾಲ್ಕೈದು ತಿಂಗಳ ಚಿಕಿತ್ಸೆಗೆ ಸಾಲಲ್ಲ. ಹೊಟ್ಟೆ ತುಂಬುತ್ತೆ, ಆದ್ರೆ ಪ್ರೋಟೀನ್ ಸಿಗೋದು ತೀರಾ ಕಡಿಮೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಅಂದ್ರೆ 55 ಕೆ.ಜಿ. ಇರೋರಿಗೆ ಕನಿಷ್ಠ 55 ಗ್ರಾಂ ಪ್ರೋಟೀನ್. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ, ಎರಡು ಲೋಟ ಹಾಲಿನಿಂದ 13, ಎರಡು ಬಟ್ಟಲು ಗಟ್ಟಿ ಬೇಳೆಯಿಂದ 13, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7, ಒಂದು ಬಟ್ಟಲು ಮೊಸರಿನಿಂದ 5 ಗ್ರಾಂ. ಅನ್ನ, ಮುದ್ದೆ, ಚಪಾತಿಯಿಂದ ಬರೋದೂ ಸೇರಿದ್ರೆ ಲೆಕ್ಕ ಸರಿಹೋಗುತ್ತೆ. ದುಬಾರಿ ಪೌಡರ್ ಡಬ್ಬಿಯೇ ಬೇಕು ಅಂತಿಲ್ಲ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಾವು ಗಂಜಿ ಬಿಡಲಿಲ್ಲ. ಅದಕ್ಕೇ ಹೆಸರುಬೇಳೆ, ಒಂದು ಚಮಚ ತುಪ್ಪ ಸೇರಿಸಿದ್ವಿ. ರಾಗಿ ಮಾಲ್ಟ್ ನೀರಿನ ಬದಲು ಹಾಲಲ್ಲಿ ಮಾಡಿದ್ವಿ. ದೋಸೆಹಿಟ್ಟಿಗೆ ಹುರಿಗಡಲೆ ಪುಡಿ ಕಲಸಿದ್ವಿ.

ಸಕ್ಕರೆ ಬಿಟ್ರೆ ಕ್ಯಾನ್ಸರ್ ಉಪವಾಸ ಬೀಳುತ್ತಾ?

ಈ ಫಾರ್ವರ್ಡ್‌ಗೆ ಒಂದು ಮೂಲ ಇದೆ. 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಆಟ್ಟೊ ವಾರ್‌ಬರ್ಗ್ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನ ಹೆಚ್ಚು ಬಳಸ್ತವೆ ಅಂತ ತೋರಿಸಿದ್ರು. ಪೆಟ್ ಸ್ಕ್ಯಾನ್ ಕೆಲಸ ಮಾಡೋದೂ ಇದೇ ಗುಣದ ಮೇಲೆ. ಆದ್ರೆ ಗ್ಲೂಕೋಸ್ ಮೆದುಳಿಗೂ ಬೇಕು, ರಕ್ತಕಣಕ್ಕೂ ಬೇಕು. ನಾವು ಅನ್ನ ಬಿಟ್ರೂ ಲಿವರ್ ಗ್ಲೂಕೋಸ್ ತಯಾರಿಸುತ್ತೆ, ಅದಕ್ಕೆ ಮಾಂಸಖಂಡದ ಪ್ರೋಟೀನನ್ನೂ ಒಡೆಯುತ್ತೆ. ಹಾಗಾಗಿ ಉಪವಾಸ ಬೀಳೋದು ಕ್ಯಾನ್ಸರ್ ಅಲ್ಲ, ರೋಗಿ. ಸಿಹಿತಿಂಡಿಗೆ ಮಿತಿ ಇರಲಿ, ಶುಗರ್ ಕಾಯಿಲೆ ಇದ್ರೆ ಇನ್ನೂ ಜಾಗ್ರತೆ. ಅದಕ್ಕಂತ ಅನ್ನ, ಹಣ್ಣು ಕಿತ್ತುಕೊಳ್ಳಬೇಡಿ.

ತಿನ್ನೋಕೇ ಆಗದಿದ್ರೆ?

ವಾಂತಿ ತಡೆಯೋ ಮಾತ್ರೆಯನ್ನ ವಾಂತಿ ಬಂದ ಮೇಲೆ ಅಲ್ಲ, ಡಾಕ್ಟರ್ ಹೇಳಿದ ಸಮಯಕ್ಕೇ ಕೊಡಿ. ಮೂರು ದೊಡ್ಡ ಊಟದ ಬದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಿಸಿ ಅಡುಗೆಯ ವಾಸನೆಯೇ ಎಷ್ಟೋ ಜನಕ್ಕೆ ಆಗಲ್ಲ. ಚಿಕ್ಕಮ್ಮ ‘ಒಗ್ಗರಣೆ ಹಾಕ್ಬೇಡ ಕಣೇ’ ಅಂತಿದ್ರು, ಆರಿದ ಮೊಸರನ್ನ ಮಾತ್ರ ತಿಂತಿದ್ರು. ಬಾಯಲ್ಲಿ ಕಬ್ಬಿಣದ ರುಚಿ ಬಂದ್ರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಅಥವಾ ಮರದ್ದು ಕೊಟ್ಟು ನೋಡಿ. ಬಾಯಿ ಹುಣ್ಣಾದ್ರೆ ಖಾರ, ಹುಳಿ ಬೇಡ. ಮೆತ್ತಗಿನ ಊಟ ಇರಲಿ.

ಒಂದು ಎಚ್ಚರಿಕೆ: ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡೋ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಕೆಲವು ದಿನ ತಣ್ಣಗಿನದ್ದು ಮುಟ್ಟಿದ್ರೂ, ಕುಡಿದ್ರೂ ಜುಮ್ಮೆನ್ನುತ್ತೆ, ಗಂಟಲು ಹಿಡಿದಂಗಾಗುತ್ತೆ. ಅವರಿಗೆ ಫ್ರಿಜ್‌ನಿಂದ ತೆಗೆದದ್ದು ಕೊಡಬೇಡಿ.

ತೂಕ ಏರಿದ್ರೆ?

ಇದೂ ಆಗುತ್ತೆ, ಅದರಲ್ಲೂ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ. ಕೀಮೋ ಜೊತೆ ಕೊಡೋ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತೆ, ಓಡಾಟ ಕಡಿಮೆಯಾಗುತ್ತೆ, ಕೆಲವರಿಗೆ ಮುಟ್ಟು ಬೇಗ ನಿಲ್ಲುತ್ತೆ. ಹಾಗಂತ ಕ್ರ್ಯಾಶ್ ಡಯಟ್ ಬೇಡ. ಕರಿದದ್ದು, ಬೇಕರಿ ತಿಂಡಿ ಕಡಿಮೆ ಮಾಡಿ, ಆದಷ್ಟು ನಡೆದಾಡಲಿ. ಎರಡು ಮೂರು ದಿನದಲ್ಲೇ ಎರಡು ಕೆ.ಜಿ. ಏರಿ ಕಾಲು ಊದಿಕೊಂಡ್ರೆ ಅದು ಕೊಬ್ಬಲ್ಲ, ನೀರು ತುಂಬಿರಬಹುದು. ತಡ ಮಾಡದೆ ಆಸ್ಪತ್ರೆಗೆ ಫೋನ್ ಮಾಡಿ.

ಇದೊಂದನ್ನ ಮರೀಬೇಡಿ

ಹೆಚ್ಚಿನ ಔಷಧಿಗಳಲ್ಲಿ ಡ್ರಿಪ್ ಹಾಕಿದ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತುಂಬ ಕಡಿಮೆಯಾಗ್ತವೆ. ಪಾನಿಪುರಿ, ರಸ್ತೆಬದಿ ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಬೇಡವೇ ಬೇಡ. ಮನೆಯಲ್ಲಿ ಚೆನ್ನಾಗಿ ತೊಳೆದು ಬೇಯಿಸಿದ ಊಟ ಒಳ್ಳೇದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ, ಮಾತ್ರೆ ನುಂಗಿ ಬೆಳಗ್ಗೆ ನೋಡೋಣ ಅಂತ ಮಲಗಬೇಡಿ. ಮಧ್ಯರಾತ್ರಿಯಾದ್ರೂ ಆಸ್ಪತ್ರೆಗೆ ಹೋಗಿ. ಆಗ ಆ ಸೋಂಕು ಜೀವಕ್ಕೇ ಅಪಾಯ ತರಬಹುದು.

ಕಷಾಯ, ಮೂಲಿಕೆ ಪುಡಿ, ವಿಟಮಿನ್ ಮಾತ್ರೆ ಯಾವುದೇ ಇರಲಿ, ಡಾಕ್ಟರಿಗೆ ಹೇಳದೆ ಕೊಡಬೇಡಿ. ಕೀಮೋದ ಎಷ್ಟೋ ಔಷಧಿಗಳನ್ನ ಲಿವರ್ರೇ ಸಂಭಾಳಿಸಬೇಕು. ಕೆಲವು ಕ್ಯಾನ್ಸರ್ ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ತಿನ್ನಬಾರದು. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ, ಅದನ್ನೂ ಕೇಳಿಯೇ ಕೊಡಿ.

ಕೊನೆಗೆ, ಮನೆಯಲ್ಲಿರೋ ನಿಮಗೆ ಎರಡು ಕೆಲಸ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಫೋನ್‌ನ ನೋಟ್ಸ್‌ನಲ್ಲಿ ಬರೆದಿಡಿ. ಪ್ರತಿ ಸೈಕಲ್‌ಗೂ ಅದನ್ನ ಡಾಕ್ಟರಿಗೆ ತೋರಿಸಿ. ಚಿಕ್ಕಮ್ಮ ಕೊನೆಯ ಸೈಕಲ್‌ಗೆ ಹೋದಾಗ 50 ಕೆ.ಜಿ. ಇದ್ರು, ಡೋಸ್ ಇಳಿಸೋ ಪ್ರಸಂಗ ಬರಲಿಲ್ಲ. ಎರಡನೇದು, ಬಲವಂತ ಮಾಡಬೇಡಿ. ‘ಎಲ್ರೂ ತಟ್ಟೆ ಹಿಡ್ಕೊಂಡು ಬಂದ್ರೆ ಊಟ ಅಂದ್ರೇನೇ ಭಯ ಆಗುತ್ತೆ’ ಅಂತ ಅವರೇ ಹೇಳಿದ್ರು. ತಿನ್ನೋಕಾಗೋ ಹೊತ್ತಲ್ಲಿ ಕೈಗೆ ಸಿಗೋ ಹಾಗೆ ಇಟ್ಟಿರಿ, ಅಷ್ಟು ಸಾಕು.

ಈ ಎಪಿಸೋಡ್ ಯಾರಿಗೆ ಬೇಕೋ ಅವರಿಗೆ ಕಳಿಸಿ.