ಪಕ್ಷ ಬೇರೆಯಾದರೂ ಪ್ರಶ್ನೆ ಮಣ್ಣಿನದೇ

ಚಿಕ್ಕಬಳ್ಳಾಪುರ: ಹುಟ್ಟಿದ ಊರು ಮನುಷ್ಯನ ರಾಜಕೀಯ ನಿಲುವನ್ನು ರೂಪಿಸುತ್ತದೆ ಎಂಬ ಮಾತು ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತದೆ. ಹಾಗಾದರೆ ಒಂದೇ ಸೀಮೆಯ ಜನ ಒಂದೇ ಪಕ್ಷಕ್ಕೆ ಮತ ಹಾಕಬೇಕಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಮತ್ತು ಚಿಂತಾಮಣಿ ಕಾಂಗ್ರೆಸ್ಸಿಗೆ, ಶಿಡ್ಲಘಟ್ಟ ಜೆಡಿಎಸ್‌ಗೆ, ಗೌರಿಬಿದನೂರು ಪಕ್ಷೇತರ ಅಭ್ಯರ್ಥಿಗೆ ಒಲಿದವು. ಮರುವರ್ಷ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ ಬಿಜೆಪಿಯ ಪಾಲಾಯಿತು.

ಪರಂಪರೆಯ ಪ್ರಭಾವ ಪಕ್ಷದ ಆಯ್ಕೆಗಿಂತ ಮುಂಚೆಯೇ, ಅಭ್ಯರ್ಥಿಗೆ ಹಾಕುವ ಪ್ರಶ್ನೆಯಲ್ಲಿ ಕಾಣುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧಾಜ್ಞೆ ಮೀರಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯಲ್ಲಿ ಸರ್ಕಾರಿ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಿಲ್ಲ. ಮುಂದೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವಣ ಒಪ್ಪಂದದಿಂದ ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ದೊರೆಯಿತು. ಇದೇ ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯ 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು. ಆಳುವವರನ್ನೂ ನಂಬಿಕೆಯನ್ನೂ ಪ್ರಶ್ನಿಸುವ ಪಾಠ ಇಲ್ಲಿ ಮನೆಯ ನೆನಪಿನಷ್ಟೇ ಹತ್ತಿರದ್ದು.

ಶಿಡ್ಲಘಟ್ಟದ ಬದುಕು ರೇಷ್ಮೆಗೂಡಿನ ದರಕ್ಕೆ ಅಂಟಿಕೊಂಡಿದೆ. 2011-12ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಬೆಳೆಗಾರರು ಬೀದಿಗಿಳಿದರು. ದೆಹಲಿಯ ಬಜೆಟ್‌ನ ಒಂದು ಸಾಲು ಹಿಪ್ಪುನೇರಳೆ ತೋಟವನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿಂತಾಮಣಿಯ ಹಲವು ಮನೆಗಳಲ್ಲಿ ತೆಲುಗು ಮಾತು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ. ತಾಲ್ಲೂಕಿನ ಕೈವಾರದ ತಾತಯ್ಯ ಎರಡೂ ಭಾಷೆಗಳಲ್ಲಿ ಕೀರ್ತನೆ ರಚಿಸಿದವರು. ಗಡಿ ಸೀಮೆಯಾದರೂ ಎರಡು ಭಾಷೆ ಜೊತೆಯಾಗಿ ಬಾಳಬಲ್ಲವು ಎಂಬುದು ಇಲ್ಲಿನವರಿಗೆ ದಿನನಿತ್ಯದ ಅನುಭವ.

ನಾಲ್ಕೂ ಊರುಗಳನ್ನು ಒಂದುಗೂಡಿಸುವುದು ನೀರು. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಆಧಾರ. ದೇಶಕ್ಕೆ ಅಣೆಕಟ್ಟೆಗಳ ಪಾಠ ಹೇಳಿದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವುದೂ ಇಲ್ಲಿಯೇ. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ನಡೆಯಿತು. ಸಕಲೇಶಪುರ ಬಳಿ ಮೊದಲ ಹಂತಕ್ಕೆ ಚಾಲನೆ ಸಿಗುವಾಗ 2024 ಬಂದಿತ್ತು. ಈ ನಡುವೆ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಹರಿದಾಗ, ಅದನ್ನು ಮೂರನೇ ಹಂತದಲ್ಲೂ ಶುದ್ಧೀಕರಿಸಬೇಕೆಂಬ ಕೂಗು ಎದ್ದಿತು.

ಆದರೂ ಈ ಒಂದೇ ಪ್ರಶ್ನೆ ಲೋಕಸಭೆಗೆ ಎರಡು ದಾರಿಯಲ್ಲಿ ಹೋಗುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು ಒಂದು ಲೋಕಸಭಾ ಕ್ಷೇತ್ರದಲ್ಲಿದ್ದರೆ, ಚಿಂತಾಮಣಿ, ಶಿಡ್ಲಘಟ್ಟ ಕೋಲಾರ ಕ್ಷೇತ್ರಕ್ಕೆ ಸೇರಿವೆ.

ಹಿರಿಯರ ಭಾವಚಿತ್ರಕ್ಕೆ ಜಯಂತಿಯಂದು ಹಾರ ಹಾಕುವುದು ಎಲ್ಲ ಪಕ್ಷಗಳಿಗೂ ಸುಲಭ. ಆ ಹಿರಿಯರು ಕೇಳಿದಂತಹ ಪ್ರಶ್ನೆಯನ್ನು ಮತದಾರ ಮತ್ತೆ ಕೇಳಿದಾಗ ಉತ್ತರ ಕೊಡುವುದು ಕಷ್ಟ. ಪರಂಪರೆ ಮತಗಟ್ಟೆಯವರೆಗೆ ಬರುವುದು ಆ ಪ್ರಶ್ನೆಯ ರೂಪದಲ್ಲಿಯೇ.