ಗಾಜಿನ ತೊಟ್ಟಿಯಲ್ಲಿ ಸಿಕ್ಲಿಡ್ ಸಂಸಾರ

ಮೀನುಗಳಲ್ಲಿ ಬಹುಪಾಲು ಜಾತಿಗಳು ಮೊಟ್ಟೆಯಿಟ್ಟ ಮೇಲೆ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಸಿಕ್ಲಿಡ್ ಕುಟುಂಬದ ಮೀನುಗಳು ಈ ಮಾತಿಗೆ ಹೊರತಾಗಿದ್ದು, ಮೊಟ್ಟೆಗೆ ಜಾಗ ಹುಡುಕುವುದರಿಂದ ಹಿಡಿದು ಮರಿಗಳು ತಾವಾಗಿ ಮೇಯುವವರೆಗೆ ತಾಯಿಯೋ ತಂದೆಯೋ ಇಬ್ಬರೂ ಸೇರಿಯೋ ಕಾವಲಿಗೆ ನಿಲ್ಲುತ್ತವೆ. ಆಫ್ರಿಕ, ಮಧ್ಯ ಮತ್ತು ದಕ್ಷಿಣ ಅಮೆರಿಕ, ಮಡಗಾಸ್ಕರ್ ಹಾಗೂ ದಕ್ಷಿಣ ಏಷ್ಯಾದ ನೀರುಗಳಲ್ಲಿ ಹರಡಿರುವ ಈ ಕುಟುಂಬದಲ್ಲಿ 1,700ಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ ಏಂಜೆಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್‌ಗಳೂ ಕೇರಳದ ಕರಿಮೀನೂ ಕರ್ನಾಟಕದ ಕೆರೆಗಳಲ್ಲಿ ಹೇರಳವಾಗಿರುವ ಜಿಲೇಬಿ ಮೀನೂ ಒಂದೇ ಕುಟುಂಬಕ್ಕೆ ಸೇರಿದವು.

ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ ಈ ಮೀನುಗಳ ವಾತ್ಸಲ್ಯವನ್ನು ಗಾಜಿನ ತೊಟ್ಟಿಯಲ್ಲೇ ಗಮನಿಸಿ ಬರೆದಿದ್ದಾರೆ. ಸಂಜೆ ಚದುರಿದ ಮರಿಗಳನ್ನು ಬಾಯಲ್ಲಿ ಎತ್ತಿ ಗೂಡಿಗೆ ತರುತ್ತಿದ್ದ ಜ್ಯೂಯೆಲ್ ಸಿಕ್ಲಿಡ್ ತಂದೆಯೊಂದು, ಎರೆಹುಳದ ತುಂಡನ್ನು ಅಗಿಯುತ್ತಿರುವಾಗಲೇ ಎದುರಿಗೆ ಸಿಕ್ಕ ಮರಿಯನ್ನೂ ಬಾಯಿಗೆ ಹಾಕಿಕೊಂಡಿತು. ಒಂದನ್ನು ನುಂಗಬೇಕು, ಇನ್ನೊಂದನ್ನು ಕಾಪಾಡಬೇಕು ಎಂಬ ಇಕ್ಕಟ್ಟಿನಲ್ಲಿ ಅದು ಕೆಲಕಾಲ ಅಲ್ಲಾಡದೆ ನಿಂತು, ಎರಡನ್ನೂ ಉಗುಳಿ, ಮರಿಯ ಮೇಲೆ ಕಣ್ಣಿಟ್ಟುಕೊಂಡೇ ಹುಳವನ್ನು ತಿಂದು ಮುಗಿಸಿ, ಆಮೇಲೆ ಮರಿಯನ್ನು ಎತ್ತಿಕೊಂಡು ಗೂಡಿಗೆ ಹೋಯಿತು. ಮನೆಯಲ್ಲಿ ಸಿಕ್ಲಿಡ್‌ಗಳಿಂದ ಮರಿ ಮಾಡಿಸುವ ಕಲೆ ನಿಂತಿರುವುದು ಈ ಸ್ವಭಾವದ ಮೇಲೆಯೇ. ಮೊಟ್ಟೆಯಿಡಿಸುವುದು ಅಷ್ಟೇನೂ ಕಷ್ಟವಲ್ಲ. ಮೀನುಗಳು ಪಾಲನೆಯನ್ನು ಕೊನೆಮುಟ್ಟಿಸಲು ಬೇಕಾದ ನೀರು, ಜಾಗ ಮತ್ತು ನೆಮ್ಮದಿಯನ್ನು ಒದಗಿಸುವುದರಲ್ಲಿ ಸಾಕುವವರ ಜಾಣ್ಮೆಯಿದೆ.

ನೀರಿನ ಹದ

ಹೊಸ ತೊಟ್ಟಿಗೆ ನೀರು ತುಂಬಿಸಿದ ಮರುದಿನವೇ ಮೀನು ಬಿಡುವುದು ಸೋಲಿಗೆ ಮೊದಲ ಕಾರಣ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ವಿಷಕಾರಿ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮರಿ ಮಾಡಿಸುವ ತೊಟ್ಟಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಪ್ಪುತ್ತದೆ. ಅದು ಈ ಬ್ಯಾಕ್ಟೀರಿಯಾಗಳಿಗೆ ಆಶ್ರಯ ಕೊಡುತ್ತದೆ, ಮೋಟಾರ್ ಫಿಲ್ಟರಿನಂತೆ ಮರಿಗಳನ್ನು ಒಳಕ್ಕೆ ಎಳೆದುಕೊಳ್ಳುವುದೂ ಇಲ್ಲ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಗಳಿಗೂ ಮಾರಕವಾದ್ದರಿಂದ, ಆ ನೀರನ್ನು ಒಂದು ದಿನ ಗಾಳಿಯಾಡಿಸಿ ಇಟ್ಟೋ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಹಾಕಿಯೋ ಬಳಸಬೇಕು.

ಅಮೆಜಾನ್ ನದೀ ಪ್ರದೇಶದ ಏಂಜೆಲ್ ಮತ್ತು ಡಿಸ್ಕಸ್‌ಗಳು ಲವಣಾಂಶ ಕಡಿಮೆಯಿರುವ, ತುಸು ಆಮ್ಲೀಯವಾದ ಮೃದು ನೀರಿನವು; ಪೂರ್ವ ಆಫ್ರಿಕದ ಮಲಾವಿ ಮತ್ತು ಟಾಂಗಾನ್ಯಿಕಾ ಸರೋವರಗಳ ಸಿಕ್ಲಿಡ್‌ಗಳು ಗಡಸಾದ, ಕ್ಷಾರೀಯ ನೀರಿನವು. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸಾಗಿರುವುದರಿಂದ ಅಲ್ಲಿ ಮಲಾವಿ ಮೀನುಗಳನ್ನು ಸಾಕುವುದು ಸಲೀಸು. ಡಿಸ್ಕಸ್ ಬೇಕೆನ್ನುವವರು ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರನ್ನು ಬೆರೆಸಿ ಗಡಸನ್ನು ತಗ್ಗಿಸಬೇಕಾಗುತ್ತದೆ. ನೀರಿನ ಗುಣ ಮರಿಗಳ ಲಿಂಗದ ಮೇಲೂ ಪ್ರಭಾವ ಬೀರುವುದುಂಟು. ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಎಂಬ ಜಾತಿಯಲ್ಲಿ ನೀರು ಆಮ್ಲೀಯವಾದಷ್ಟೂ ಗಂಡುಮರಿಗಳ ಪ್ರಮಾಣ ಏರುತ್ತದೆ.

ಜೋಡಿ, ಮೊಟ್ಟೆ, ಮರಿ

ಆರಂಭಿಕರಿಗೆ ಎಟುಕುವ ಏಂಜೆಲ್ ಮೀನನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಇದರಲ್ಲಿ ಗಂಡು ಹೆಣ್ಣು ಹೊರನೋಟಕ್ಕೆ ಒಂದೇ ಬಗೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಹೊಟ್ಟೆಯ ಕೆಳಗೆ ಹೊರಚಾಚುವ ಪುಟ್ಟ ನಳಿಕೆ ಹೆಣ್ಣಿನಲ್ಲಿ ದಪ್ಪವಾಗಿ ಮೊಂಡಾಗಿಯೂ ಗಂಡಿನಲ್ಲಿ ಸಪೂರವಾಗಿ ಚೂಪಾಗಿಯೂ ಇರುವುದೊಂದೇ ನಂಬಬಹುದಾದ ಗುರುತು. ಆದ್ದರಿಂದ ಎರಡು ಮೀನು ತಂದು ಜೋಡಿಯೆಂದು ಭಾವಿಸುವ ಬದಲು, ಆರೆಂಟು ಎಳೆಯ ಮೀನುಗಳನ್ನು ಒಟ್ಟಿಗೆ ಬೆಳೆಸಿ ಅವು ತಾವಾಗಿ ಜೋಡಿಯಾಗುವುದನ್ನು ಕಾಯುವುದೇ ಸರಿಯಾದ ಕ್ರಮ. ತೊಟ್ಟಿಯ ಒಂದು ಮೂಲೆಯನ್ನು ಹಿಡಿದು ಉಳಿದವುಗಳನ್ನು ಓಡಿಸುವ ಎರಡು ಮೀನು ಕಂಡಾಗ ಅವನ್ನು ಪ್ರತ್ಯೇಕ ತೊಟ್ಟಿಗೆ ವರ್ಗಾಯಿಸಬೇಕು. ಎರಡು ಹೆಣ್ಣುಗಳೇ ಜೋಡಿಯಂತೆ ನಡೆದುಕೊಂಡು ಮೊಟ್ಟೆಯಿಡುವುದೂ ಉಂಟು. ಅಂಥ ಮೊಟ್ಟೆಗಳು ಎಂದೂ ಒಡೆಯುವುದಿಲ್ಲ.

ಏಂಜೆಲ್ ಮೀನು ಮೊಟ್ಟೆಯನ್ನು ನೆಟ್ಟಗಿರುವ ಮೇಲ್ಮೈಗೆ ಅಂಟಿಸುತ್ತದೆಯಾದ್ದರಿಂದ ಅಗಲ ಎಲೆಯ ಗಿಡ, ಸ್ಲೇಟ್ ಕಲ್ಲಿನ ಹಲಗೆ ಅಥವಾ ಪಿವಿಸಿ ಪೈಪಿನ ತುಂಡನ್ನು ಒರಗಿಸಿಡುತ್ತಾರೆ. ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಗಂಡೂ ಹೆಣ್ಣೂ ಆ ಜಾಗವನ್ನು ಬಾಯಿಂದ ಕೆರೆದು ಶುಚಿಗೊಳಿಸಿದ ಮೇಲೆ ಹೆಣ್ಣು ಕೆಳಗಿನಿಂದ ಮೇಲಕ್ಕೆ ಸಾಗುತ್ತ ಸಾಲುಸಾಲಾಗಿ ಮೊಟ್ಟೆಯಿಡುತ್ತದೆ. ಗಂಡು ಹಿಂದೆಯೇ ಬಂದು ಅವನ್ನು ಫಲಗೊಳಿಸುತ್ತದೆ. ನೂರಾರು ಮೊಟ್ಟೆಗಳ ಮುಂದೆ ಎರಡೂ ಸರದಿಯಲ್ಲಿ ನಿಂತು ಪಕ್ಕದ ಈಜುರೆಕ್ಕೆಗಳಿಂದ ನೀರು ಬೀಸುತ್ತ, ಫಲವಾಗದೆ ಬೆಳ್ಳಗಾದ ಮೊಟ್ಟೆಗಳನ್ನು ಬೂಷ್ಟು ಹರಡುವ ಮೊದಲೇ ಹೆಕ್ಕಿ ತೆಗೆಯುತ್ತವೆ. ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆದರೂ ಮರಿಗಳು ಕೂಡಲೇ ಈಜುವುದಿಲ್ಲ. ತಲೆಯಿಂದ ಒಸರುವ ಅಂಟಿನ ಎಳೆಯಲ್ಲಿ ಎಲೆಗೆ ಕಚ್ಚಿಕೊಂಡು, ಬಾಲ ಅಲ್ಲಾಡಿಸುತ್ತ, ಹೊಟ್ಟೆಯ ಭಂಡಾರದ ಆಹಾರವನ್ನು ಕರಗಿಸಿಕೊಳ್ಳುತ್ತವೆ. ಜಾರಿ ಬಿದ್ದದ್ದನ್ನು ತಾಯಿ ತಂದೆ ಬಾಯಲ್ಲಿ ಎತ್ತಿ ಮತ್ತೆ ಎಲೆಗೆ ಉಗಿಯುತ್ತವೆ. ಇನ್ನೂ ನಾಲ್ಕೈದು ದಿನ ಕಳೆದ ಮೇಲೆ ಮರಿಗಳ ಹಿಂಡು ಈಜಲು ತೊಡಗುತ್ತದೆ.

ಹೊಸ ಜೋಡಿ ಮೊದಲ ಒಂದೆರಡು ಸಲದ ಮೊಟ್ಟೆಗಳನ್ನು ತಾನೇ ತಿಂದುಬಿಡುವುದು ಸಾಮಾನ್ಯ. ಪದೇಪದೇ ಕೈಹಾಕುವುದು, ರಾತ್ರಿ ದೀಪವನ್ನು ಥಟ್ಟನೆ ಆರಿಸುವುದು, ತೊಟ್ಟಿಯಲ್ಲಿ ಬೇರೆ ಮೀನುಗಳನ್ನು ಬಿಡುವುದು ಇವೆಲ್ಲ ಜೋಡಿಯನ್ನು ಗಾಬರಿಗೊಳಿಸಿ ಇದನ್ನು ಹೆಚ್ಚಿಸುತ್ತವೆ. ಮಾರಾಟಕ್ಕಾಗಿ ಬೆಳೆಸುವವರು ಮೊಟ್ಟೆಯ ಹಲಗೆಯನ್ನೇ ಬೇರೆ ತೊಟ್ಟಿಗೆ ಎತ್ತಿಟ್ಟು, ಬೂಷ್ಟು ತಡೆಯಲು ಮೆಥಿಲೀನ್ ಬ್ಲೂ ದ್ರಾವಣ ಹಾಕಿ, ಗಾಳಿಗುಳ್ಳೆಗಳ ಹರಿವಿನಲ್ಲಿ ಮರಿ ಒಡೆಸುತ್ತಾರೆ. ಮೊಟ್ಟೆ ಕಳೆದುಕೊಂಡ ಜೋಡಿ ಎರಡು ವಾರದೊಳಗೆ ಮತ್ತೆ ಮೊಟ್ಟೆಯಿಡುವುದರಿಂದ ವ್ಯಾಪಾರಕ್ಕೆ ಈ ದಾರಿ ಲಾಭದಾಯಕ. ಪಾಲನೆಯನ್ನೇ ನೋಡಬಯಸುವ ಹವ್ಯಾಸಿಗೆ ತಾಳ್ಮೆಯೊಂದೇ ದಾರಿ.

ಮರಿಗಳು ಹೆಚ್ಚಾಗಿ ಸಾಯುವುದು ಈಜತೊಡಗಿದ ಮೊದಲ ವಾರದಲ್ಲಿ, ಅದೂ ಹಸಿವಿನಿಂದ. ಪುಡಿ ಆಹಾರಕ್ಕೆ ಅವು ಅಷ್ಟಾಗಿ ಬಾಯಿಹಾಕುವುದಿಲ್ಲ. ಚಲಿಸುವ ಆಹಾರವೇ ಬೇಕು. ಇದಕ್ಕಾಗಿ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮ ಸೀಗಡಿಯ ಒಣ ಮೊಟ್ಟೆಗಳನ್ನು ಲೀಟರಿಗೆ ಸುಮಾರು 25 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ, ಗಾಳಿಯಾಡಿಸುತ್ತ ಇಡುತ್ತಾರೆ. 24ರಿಂದ 36 ಗಂಟೆಗಳಲ್ಲಿ ಒಡೆಯುವ ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಗುಂಪುಗೂಡುವುದರಿಂದ ಬಾಟಲಿಯ ಒಂದು ಬದಿಗೆ ಟಾರ್ಚ್ ಹಿಡಿದರೆ ಅವು ಚಿಪ್ಪುಗಳಿಂದ ಬೇರ್ಪಡುತ್ತವೆ. ಅವನ್ನು ಸಣ್ಣ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಉಣಿಸಬೇಕು. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ಬರಿಗಣ್ಣಿಗೇ ಕಾಣುತ್ತದೆ. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಉಣಿಸಿ, ಉಳಿಕೆಯನ್ನು ಸಣ್ಣ ಪೈಪಿನಿಂದ ಹೀರಿ ತೆಗೆದು, ಅಷ್ಟೇ ಉಷ್ಣತೆಯ ಹೊಸ ನೀರನ್ನು ತುಂಬುವುದು ಕೆಲವು ವಾರಗಳ ನಿತ್ಯದ ಕೆಲಸ.

ಬಾಯೇ ತೊಟ್ಟಿಲು

ಮಲಾವಿ ಸರೋವರದ ಸಿಕ್ಲಿಡ್‌ಗಳಲ್ಲಿ ಪಾಲನೆಯ ಬಗೆಯೇ ಬೇರೆ. ಹೆಣ್ಣು ಮೊಟ್ಟೆಯಿಟ್ಟ ತಕ್ಷಣ ಅವನ್ನು ಬಾಯೊಳಗೆ ತುಂಬಿಕೊಳ್ಳುತ್ತದೆ. ಹಲವು ಜಾತಿಗಳ ಗಂಡಿನ ಕೆಳರೆಕ್ಕೆಯ ಮೇಲೆ ಮೊಟ್ಟೆಯನ್ನೇ ಹೋಲುವ ಹಳದಿ ಚುಕ್ಕೆಗಳಿದ್ದು, ಹೆಣ್ಣು ಅವನ್ನು ಮೊಟ್ಟೆಯೆಂದು ಹೆಕ್ಕಲು ಹೋದಾಗ ಗಂಡಿನ ವೀರ್ಯ ಬಾಯೊಳಗೆ ಸೇರಿ ಮೊಟ್ಟೆಗಳು ಫಲಗೊಳ್ಳುತ್ತವೆ ಎಂಬ ವಿವರಣೆಯನ್ನು ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ಮುಂದಿಟ್ಟರು. ಅಲ್ಲಿಂದ ಸುಮಾರು ಮೂರು ವಾರ ಗಂಟಲು ಉಬ್ಬಿಸಿಕೊಂಡು ಉಪವಾಸವಿರುವ ತಾಯಿಯನ್ನು ಬೇರೆ ತೊಟ್ಟಿಗೆ ಬಿಟ್ಟು, ಮರಿಗಳನ್ನು ಹೊರಬಿಟ್ಟ ಮೇಲೆ ಚೆನ್ನಾಗಿ ಉಣಿಸಿ ಚೇತರಿಸಿಕೊಳ್ಳಲು ಅವಕಾಶ ಕೊಡಬೇಕು. ಇವು ಜೋಡಿಯಾಗಿ ಬಾಳುವ ಮೀನುಗಳಲ್ಲ. ಒಂದು ಗಂಡಿಗೆ ಹಲವು ಹೆಣ್ಣುಗಳಿದ್ದರೆ ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳುವುದಿಲ್ಲ. ಹತ್ತಿರದ ಜಾತಿಗಳನ್ನು ಒಟ್ಟಿಗಿಟ್ಟರೆ ಮಿಶ್ರತಳಿ ಹುಟ್ಟಿ ಮೂಲದ ಗುಣ ಕೆಡುತ್ತದೆ.

ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಾಯಿತಂದೆಯ ಮೈಮೇಲೆ ಒಸರುವ ಲೋಳೆಯನ್ನು ಮೇಯ್ದು ಬದುಕುವುದರಿಂದ ಅವನ್ನು ಬೇಗ ಬೇರ್ಪಡಿಸಲಾಗದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರುಗಳ ಕಿತ್ತಳೆ ಕ್ರೋಮೈಡ್ ಮರಿಗಳೂ ತಾಯಿತಂದೆಯ ಮೈಲೋಳೆಯನ್ನು ಮೇಯುತ್ತವೆ. ಕರಿಮೀನಿನ ಹತ್ತಿರದ ಬಂಧುವಾದ, 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ದಕ್ಷಿಣ ಕನ್ನಡದ ಹೊಳೆಗಳ ಕಿರಿದಾದ ವ್ಯಾಪ್ತಿಗೆ ಸೀಮಿತವಾದ ಸಿಕ್ಲಿಡ್. ಹೊಳೆಯಿಂದ ಹಿಡಿದು ತರುವ ಬದಲು ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನುಗಳು ಸಿಗುವಂತಾದರೆ ಇಂಥ ಜಾತಿಗಳ ಮೇಲಿನ ಒತ್ತಡ ತಗ್ಗುತ್ತದೆ.

ಮರಿಗಳು ಹೋಗುವುದೆಲ್ಲಿಗೆ

ಗೆದ್ದ ಜೋಡಿಯೊಂದು ಕೆಲವೇ ತಿಂಗಳಲ್ಲಿ ಮನೆಯ ತೊಟ್ಟಿಗಳಿಗೆ ಮೀರಿದಷ್ಟು ಮರಿಗಳನ್ನು ಕೊಡುತ್ತದೆ. ಅವನ್ನು ಪಕ್ಕದ ಕೆರೆಗೆ ಬಿಡುವುದು ಪುಣ್ಯಕಾರ್ಯವೆಂಬ ನಂಬಿಕೆ ತಪ್ಪು. ಆಹಾರಕ್ಕಾಗಿ 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ಮೊಸಾಂಬಿಕ್ ತಿಲಾಪಿಯ ಕೂಡ ಮರಿಗಳನ್ನು ಬಾಯಲ್ಲಿಟ್ಟು ಸಾಕುವ ಸಿಕ್ಲಿಡ್ಡೇ. ಜಿಲೇಬಿಯೆಂದು ಹೆಸರಾಗಿ ಅದು ಕೆರೆಕೆರೆಗೂ ಹಬ್ಬಿ ನಾಡಮೀನುಗಳಿಗೆ ಪೈಪೋಟಿಯಾಗಲು ಈ ಪಾಲನೆಯ ಗುಣವೂ ಒಂದು ಮುಖ್ಯ ಕಾರಣ. ಮನೆಯ ತೊಟ್ಟಿಯಲ್ಲಿ ಹವ್ಯಾಸಿಗೆ ಗೆಲುವು ತರುವ ಗುಣವೇ ಕೆರೆಯಲ್ಲಿ ಉಳಿದ ಮೀನುಗಳಿಗೆ ಕುತ್ತಾಗಬಲ್ಲದು. ಆದ್ದರಿಂದ ಮರಿಗಳನ್ನು ಕೊಳ್ಳುವ ಅಂಗಡಿ, ಬದಲಾಯಿಸಿಕೊಳ್ಳುವ ಇತರ ಹವ್ಯಾಸಿಗಳು, ಬೆಳೆಸಲು ಎರಡನೆಯ ತೊಟ್ಟಿ ಇವುಗಳ ಏರ್ಪಾಟು ಜೋಡಿಯನ್ನು ಪ್ರತ್ಯೇಕ ತೊಟ್ಟಿಗೆ ಬಿಡುವ ಮೊದಲೇ ಆಗಿರಬೇಕು. ಅದಾಗದಿದ್ದರೆ ಮೊಟ್ಟೆಯಂಟಿಸುವ ಹಲಗೆಯನ್ನು ತೊಟ್ಟಿಯಲ್ಲಿ ಇಡದಿರುವುದೇ ಲೇಸು.